ಕೆಂಡಪ್ಪನ ಭಾನುವಾರದ ಪಾಠ

ಮಾರ್ಚ್ 4

ಮಗಳಿಗೆ ಆಶೀರ್ವಾದ.

ನನ್ನ ಅಕ್ಷರ ನೋಡಿ ಯಾರು ಸತ್ತರೋ ಎಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಒಂದೂವರೆ ವರ್ಷದಿಂದ ನಾನೂ ಬರೆದಿಲ್ಲ, ನೀನೂ ಬರೆದಿಲ್ಲ. ಫೋನು ಮಾಡಬಹುದಿತ್ತು. ಆದರೆ ನಾವಿಬ್ಬರು ಫೋನಿನಲ್ಲಿ ಮಾತಾಡಿದರೆ ಮೂರನೇ ನಿಮಿಷಕ್ಕೆ ಒಬ್ಬರಲ್ಲ ಒಬ್ಬರು ಫಟ್ಟನೆ ಇಟ್ಟುಬಿಡುತ್ತೇವೆ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಹರಿಯಬಹುದು, ಅದು ಬೇರೆ ಮಾತು.

ವಿಷಯ ಎರಡು. ಮೊದಲನೆಯದು, ನಮ್ಮ ಚರ್ಚಿನವರು ನನ್ನನ್ನು ಭಾನುವಾರದ ಶಾಲೆಗೆ ಮೇಷ್ಟರನ್ನಾಗಿ ಮಾಡಿದ್ದಾರೆ. ನಗಬೇಡ. ಹೋದ ತಿಂಗಳು ಆರಾಧನೆಯಲ್ಲಿ ಆರ್ಗನ್ ನುಡಿಸುವ ಮಹಾನುಭಾವ ಕೀರ್ತನೆಯನ್ನು ಎಳೆದ, ಎಳೆದ, ಎಳೆಯುತ್ತಲೇ ಹೋದ. ನಾಲ್ಕನೇ ಚರಣ ಬರುವಷ್ಟರಲ್ಲಿ ಮುಂದಿನ ಸಾಲಿನ ಅಜ್ಜಿ ಗೊರಕೆ ಹೊಡೆಯುತ್ತಿದ್ದರು. ನಾನು ಎದ್ದು ನಿಂತು, "ಸ್ವಾಮೀ, ಸತ್ತವರು ಎದ್ದು ಬರೋ ದಿನದೊಳಗಾದ್ರೂ ಮುಗಿಸ್ತೀರಾ?" ಎಂದು ಕೇಳಿದೆ. ಕೇಳಿದ್ದು ಅಷ್ಟೇ. ಧ್ವನಿ ಸ್ವಲ್ಪ ದೊಡ್ಡದಾಯಿತಂತೆ. ಹೊರಗೆ ರಸ್ತೆಯಲ್ಲಿ ಹೋಗುವವರೂ ನಿಂತರಂತೆ. ಆತ ಕಣ್ಣೊರೆಸಿಕೊಳ್ಳುತ್ತಾ ಎದ್ದು ಹೋದ.

ಮಾರನೆಯ ದಿನ ಪಾದ್ರಿಗಳು ಮನೆಗೆ ಬಂದರು. ಬೈದರೆ ತಿರುಗಿ ಬೈಯುವುದಕ್ಕೆ ನಾನು ತಯಾರಾಗಿಯೇ ಕೂತಿದ್ದೆ. ಅವರು ಬೈಯಲಿಲ್ಲ. "ಮಕ್ಕಳ ಟೀಚರಮ್ಮ ಕಾಲು ಮುರ್ಕೊಂಡಿದಾರೆ. ಮೂರು ತಿಂಗಳು ನೀವೇ ಪಾಠ ಮಾಡಿ. ವಿಷಯ, ಕೋಪ," ಎಂದರು.

"ಕೋಪದ ಬಗ್ಗೆ ನನಗೇನು ಗೊತ್ತು?" ಎಂದೆ.

ಪಾದ್ರಿಗಳು ಸೀಮೆಸುಣ್ಣದ ಡಬ್ಬಿಯನ್ನು ನನ್ನ ಕೈಗಿಟ್ಟು ಹೊರಟರು.

ಎರಡನೆಯದು ನಿನ್ನ ವಿಷಯ. ನಿನ್ನ ಸೋದರತ್ತೆ ಹೇಳಿದಳು. ನೀನು ಕಟ್ಟುಹಲ್ಲು ಮಾಡುವ ಕಾರ್ಖಾನೆಯಲ್ಲಿ ಒಬ್ಬ ಹೆಂಗಸಿದ್ದಾಳಂತೆ, ಅವಳಿಗೆ ಎಲ್ಲರೂ ಪಟಾಕಿ ಅನ್ನುತ್ತಾರಂತೆ, ಅವಳಿಗೂ ನಿನಗೂ ಗಳಸ್ಯ ಕಂಠಸ್ಯವಂತೆ. ಮೊನ್ನೆ ಇಬ್ಬರೂ ಸೇರಿ ಮಾಲೀಕನ ಮೇಲೆ ಕೂಗಾಡಿದಿರಂತೆ. ಪಾಠಕ್ಕೆಂದು ಸತ್ಯವೇದ ತಿರುವುತ್ತಿದ್ದಾಗ ಸರಿಯಾಗಿ ಅದೇ ಮಾತು ಕಣ್ಣಿಗೆ ಬಿತ್ತು. ಮುಂಗೋಪಿಯ ಗೆಳೆತನ ಮಾಡಬೇಡ, ಮಾಡಿದರೆ ಅವನ ನಡೆಯನ್ನೇ ಕಲಿತು ನೀನಾಗಿ ಉರುಲಿಗೆ ಕೊರಳು ಕೊಡುತ್ತೀಯ ಎಂಬ ಅರ್ಥದ ಮಾತು. ಓದಿದ ತಕ್ಷಣ ನಿನ್ನ ಮುಖ ನೆನಪಾಯಿತು. ಯೋಚನೆ ಮಾಡು.

ಇಂತಿ,
ನಿನ್ನ ಅಪ್ಪ


ಮಾರ್ಚ್ 15

ಅಪ್ಪನಿಗೆ ನಮಸ್ಕಾರ.

ನಗಬೇಡ ಎಂದು ಬರೆದಿದ್ದಿರಿ. ತಡವಾಗಿ ಓದಿದೆ, ಅಷ್ಟರಲ್ಲಿ ನಕ್ಕಾಗಿತ್ತು. ಬೀದಿಯ ಮಕ್ಕಳು ಬೆನ್ನ ಹಿಂದೆ ಕೆಂಡಪ್ಪ ಎಂದು ಕರೆಯುವ ಮನುಷ್ಯ ಅದೇ ಮಕ್ಕಳಿಗೆ ಶಾಂತಿಯ ಪಾಠ ಹೇಳುವುದನ್ನು ನೋಡಲು ನಾನು ರಜೆ ಹಾಕಿಯಾದರೂ ಬರಬೇಕಿತ್ತು.

ಪಟಾಕಿಯ ವಿಷಯ ಅತ್ತೆ ಅರ್ಧ ಮಾತ್ರ ಹೇಳಿದ್ದಾರೆ. ನಮ್ಮದು ಮೂರನೇ ಮಹಡಿಯ ಒಂದೇ ಕೋಣೆ. ಈ ಕಡೆ ಮೇಜಿನಲ್ಲಿ ನಾನು ಮೇಣದ ವಸಡಿನಲ್ಲಿ ಹಲ್ಲು ಕೂರಿಸಿ, ಯಾರ ಸೆಟ್ಟು ಯಾವುದೆಂದು ಲೇಬಲ್ ಬರೆಯುತ್ತೇನೆ. ಆ ಕಡೆ ಅವಳು ಮೋಟಾರಿಗೆ ಹಿಡಿದು ಪಾಲಿಶ್ ಮಾಡುತ್ತಾಳೆ. ಸಂಜೆಯ ಹೊತ್ತಿಗೆ ಬಾಯಿಯ ಅಚ್ಚು ತೆಗೆಯುವ ಗಾರೆಯ ಪುಡಿ ಕೂತು ಇಬ್ಬರಿಗೂ ಎಂಬತ್ತು ವರ್ಷವಾಗಿರುತ್ತದೆ. ಒಂದು ಫ್ಯಾನು ಹಾಕಿಸಿ ಎಂದು ನಾನು ಎರಡು ವರ್ಷ ವಿನಯವಾಗಿ ಕೇಳಿದೆ. ಮಾಲೀಕರು ಕೆಟ್ಟವರಲ್ಲ, ವಿನಯ ಅವರ ಕಿವಿಗೆ ಬೀಳುವುದಿಲ್ಲ ಅಷ್ಟೇ. ಪಟಾಕಿ ಒಂದು ದಿನ ಮೇಜು ಗುದ್ದಿ, "ಸತ್ರೆ ಗಾರೆ ಮೆತ್ತಿದ ಹೆಣ ಹೊರೋಕೆ ನಾಲ್ಕು ಜನ ಹೆಚ್ಚಿಗೆ ಬೇಕಾಗುತ್ತೆ, ಅವ್ರನ್ನ ಈಗ್ಲೇ ಗೊತ್ತು ಮಾಡಿ," ಎಂದಳು. ನಾನೂ ಎದ್ದು ನಿಂತು ಕಿರುಚಿದೆ. ಏನು ಕಿರುಚಿದೆ ಎಂದು ನೆನಪಿಲ್ಲ, ಹಿತವಾಗಿತ್ತು. ಬುಧವಾರ ಫ್ಯಾನು ಬಂತು.

ಹಾಗಾಗಿ ನಿಮ್ಮ ಪಾಠದಲ್ಲಿ ಒಂದು ತಿದ್ದುಪಡಿ. ಮುಂಗೋಪಿಯ ಗೆಳೆತನದಿಂದ ಗಾಳಿ ಬರುತ್ತದೆ.

ನಿಮ್ಮ ಮಗಳು


ಏಪ್ರಿಲ್ 2

ಮಗಳಿಗೆ ಆಶೀರ್ವಾದ.

ದೇವರ ವಾಕ್ಯಕ್ಕೆ ತಿದ್ದುಪಡಿ ಮಾಡುವಷ್ಟು ದೊಡ್ಡವಳಾಗಿದ್ದೀಯ. ಸಂತೋಷ.

ಮೊದಲ ಭಾನುವಾರದ ಪಾಠ ಹನ್ನೊಂದು ನಿಮಿಷ ಚೆನ್ನಾಗಿ ನಡೆಯಿತು. ಹನ್ನೆರಡನೇ ನಿಮಿಷಕ್ಕೆ ಹಿಂದಿನ ಬೆಂಚಿನವನೊಬ್ಬ ಬೆಂಚು ಕಿರ್ ಎನ್ನಿಸಿದ. ಒಮ್ಮೆ ಅಲ್ಲ, ನಾಲ್ಕು ಸಲ. ನಾನು ಸೀಮೆಸುಣ್ಣ ಎಸೆದೆ. ಅವನಿಗೆ ತಾಗಲಿಲ್ಲ, ಗೋಡೆಯ ಮೇಲಿದ್ದ ಹಳೆಯ ಪಾದ್ರಿಗಳ ಫೋಟೋಕ್ಕೆ ತಾಗಿತು. ಆಗ ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಕೈ ಎತ್ತಿದಳು. "ಸಾರ್, ಕೋಪಿಷ್ಠರ ಸಹವಾಸ ಮಾಡ್ಬಾರ್ದು ಅಂತ ಬೋರ್ಡ್ ಮೇಲೆ ನೀವೇ ಬರ್ದಿದೀರ. ಹಾಗಾದ್ರೆ ನಾವು ಮುಂದಿನ ವಾರ ಬರ್ಬೇಕಾ, ಬೇಡ್ವಾ?"

ವ್ಯಂಗ್ಯವಾಗಿ ಕೇಳಿದ್ದಲ್ಲ. ಅವಳಿಗೆ ನಿಜವಾಗಿ ಉತ್ತರ ಬೇಕಿತ್ತು. ಪಾದ್ರಿಗಳನ್ನು ಕೇಳಿ ಹೇಳುತ್ತೇನೆ ಎಂದೆ.

ಮುಂದಿನ ವಾರದ ಪಾಠ ಮೃದುವಾದ ಉತ್ತರ ಸಿಟ್ಟನ್ನು ಇಳಿಸುತ್ತದೆ ಎಂಬುದು. ಹೇಳುವ ಮೊದಲು ಮಾಡಿ ನೋಡೋಣ ಎಂದು ಅಂಗಡಿಯಲ್ಲಿ ಪ್ರಯತ್ನಿಸಿದೆ. ಹಾಲಿನವನು ಬೋರ್ಡು ಬರೆಸಲು ಬಂದ. ಚೀಟಿಯಲ್ಲಿ 'ಶುದ್ದ ಹಾಲು' ಎಂದಿತ್ತು. ಒತ್ತಕ್ಷರ 'ಧ' ಆಗಬೇಕು ಎಂದೆ. "ನಮ್ಮಪ್ಪನ ಕಾಲದಿಂದ ಹೀಗೇ ಇದೆ, ಹೀಗೇ ಬರೀರಿ," ಎಂದ. ನಲವತ್ತು ವರ್ಷದಿಂದ ಬೋರ್ಡು ಬರೆಯುತ್ತಿದ್ದೇನೆ, ಇಂಥವರನ್ನು ಬ್ರಶ್ಶು ಬೀಸಿ ಓಡಿಸಿದ್ದೇ ಹೆಚ್ಚು. ಈ ಸಲ ಉಗುಳು ನುಂಗಿ, "ಅಣ್ಣಾ, ಶುದ್ಧ ಅನ್ನೋ ಪದದಲ್ಲೇ ಕಲಬೆರಕೆ ಆದ್ರೆ ಜನ ಹಾಲಿನ ಬಗ್ಗೆ ಏನಂದ್ಕೋತಾರೆ?" ಎಂದೆ. ಅವನು ತಲೆ ಕೆರೆದು, "ಅದೂ ಸರಿ," ಎಂದ. ಬೋರ್ಡು ಸರಿಯಾಗಿ ಬರೆದೆ. ಆದರೆ ನುಂಗಿದ ಕೋಪ ಒಳಗೆ ಸುಮ್ಮನಿರಲಿಲ್ಲ. ರಾತ್ರಿ ಊಟದವರೆಗೆ ಬಿಕ್ಕಳಿಕೆ.

ಪಟಾಕಿಯಿಂದ ದೂರ ಇರು. ಫ್ಯಾನಿನ ಕೆಳಗೆ ಕೂತುಕೋ, ಅವಳ ಪಕ್ಕದಲ್ಲಿ ಬೇಡ.

ನಿನ್ನ ಅಪ್ಪ


ಏಪ್ರಿಲ್ 23

ಅಪ್ಪ,

ಬಿಕ್ಕಳಿಕೆ ನಿಂತಿತೇ?

ಇಲ್ಲಿ ರಣರಂಗ. ಹೋದ ವಾರ ಒಂದು ಸೆಟ್ಟು ಕೆಳಗೆ ಬಿದ್ದು ಎರಡು ಹೋಳಾಯಿತು. ಬೀಳಿಸಿದ್ದು ಮಾಲೀಕರೇ, ನಾನು ಕಣ್ಣಾರೆ ಕಂಡೆ. ಆದರೆ ದಂತವೈದ್ಯರು ಬಂದು ಕೇಳಿದಾಗ ಮಾಲೀಕರು ಪಟಾಕಿಯ ಕಡೆ ಬೆರಳು ತೋರಿಸಿದರು. ಅವಳು ಅವತ್ತು ಕೂಗಲಿಲ್ಲ. ಅದೇ ನನಗೆ ಭಯವಾದದ್ದು. ಸಂಜೆ ಮೆಟ್ಟಿಲು ಇಳಿಯುವಾಗ ಹೇಳಿದಳು, "ಮುಂದಿನ ಶುಕ್ರವಾರ ಇಪ್ಪತ್ಮೂರು ಸೆಟ್ಟು ಹೊರಗೆ ಹೋಗುತ್ತೆ. ಲೇಬಲ್ ಅದಲು ಬದಲು ಮಾಡಿದ್ರೆ? ಊರಿನ ಬಾಯೆಲ್ಲ ಇವನ ಬಾಗಿಲಿಗೆ ಬಂದು ನಿಲ್ಲುತ್ತೆ. ನಿನ್ನ ಅಕ್ಷರ ಬೇಕು ಅಷ್ಟೇ."

ನಾನು ಹೂಂ ಎಂದೆ. ಅವಳು ಹೇಳುವಾಗ ಅದು ನ್ಯಾಯ ಅನ್ನಿಸುತ್ತದೆ ಅಪ್ಪ. ಮನೆಗೆ ಬಂದ ಮೇಲೆ ಇಪ್ಪತ್ತಮೂರು ಮುದುಕರು ಊಟಕ್ಕೆ ಕೂತು ಬಾಯಿ ತೆರೆದು ದಿಕ್ಕೆಡುವುದು ಕಣ್ಣ ಮುಂದೆ ಬರುತ್ತದೆ. ನಗುವೂ ಬರುತ್ತದೆ, ನಿದ್ದೆಯೂ ಬರುವುದಿಲ್ಲ. ಯಾಕೆ ಇದನ್ನೆಲ್ಲ ನಿಮಗೆ ಬರೆಯುತ್ತಿದ್ದೇನೋ.

ನಿಮ್ಮ ಮಗಳು


ಏಪ್ರಿಲ್ 26

ಈ ಕ್ಷಣವೇ ಕೆಲಸ ಬಿಟ್ಟು ಮನೆಗೆ ಬಾ. ಆ ಹೆಂಗಸಿನ ಮುಖ ನೋಡಬೇಡ. ನಿನಗೆ ಬುದ್ಧಿ ಎಲ್ಲಿ ಹೋಯಿತು? ಮೂವತ್ತಾರು ವರ್ಷದ ಕತ್ತೆಗೆ ಇದನ್ನು ನಾನು ಹೇಳಿಕೊಡಬೇಕೇ? ಮುದುಕರ ಬಾಯಿಗೆ ಕೈ ಹಾಕುವ ಮಗಳನ್ನು ನಾನು ಸಾಕಲಿಲ್ಲ. ಪಾಠದ ಮಕ್ಕಳಿಗಿರುವ ವಿವೇಕ ನಿನಗಿಲ್ಲ. ನಿನ್ನ ಅಮ್ಮ ಇದ್ದಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಮುಂಗೋಪಿಯ ಸಹವಾಸ ಬಿಡು, ಬಿಡು ಎಂದು ಬಡಿದುಕೊಂಡೆ. ಕೇಳಿದೆಯಾ?

ಅಪ್ಪ


ಮೇ 3

ಅಪ್ಪ,

ನಿಮ್ಮ ಕಾಗದ ಶನಿವಾರ ಬಂತು. ಪೆನ್ನು ಎರಡು ಕಡೆ ಕಾಗದವನ್ನು ತೂತು ಮಾಡಿದೆ.

ಮುಂಗೋಪಿಯ ಸಹವಾಸ ಬಿಡು ಎಂದಿರಿ. ಬಿಟ್ಟಿದ್ದೆನಲ್ಲ. ಏಳು ವರ್ಷದ ಹಿಂದೆ, ಒಂದು ಪೆಟ್ಟಿಗೆ ಒಂದು ಕೈಚೀಲ ಹಿಡಿದು, ಬೆಳಗಿನ ಬಸ್ಸಿಗೆ.

ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ಮನೆ ತುಂಬ ಜನ. ಕುರ್ಚಿ ಜೋಡಿಸಿದವಳು ನಾನು. ಸಾಲು ಸೊಟ್ಟಗಿದೆ ಎಂದು ಎಲ್ಲರೆದುರು ಬೈದಿರಿ. "ಒಂದು ಕುರ್ಚಿ ನೆಟ್ಟಗೆ ಇಡೋಕೆ ಬರಲ್ಲ ನಿನಗೆ," ಎಂದಿರಿ. ಮತ್ತೆ ಜೋಡಿಸಿದೆ. ಮತ್ತೆ ಬೈದಿರಿ. ಮೂರು ಸಲ ಜೋಡಿಸಿದೆ. ಅಳಬೇಕಾಗಿದ್ದ ಹೊತ್ತಿನಲ್ಲಿ ನಾನು ಕುರ್ಚಿ ಸರಿಸುತ್ತಿದ್ದೆ.

ಪಟಾಕಿಯಿಂದ ನಾನು ಕೋಪ ಕಲಿತೇನು ಎಂದು ಹೆದರಬೇಡಿ. ಆ ವಿದ್ಯೆಯ ಓನಾಮ ಮನೆಯಲ್ಲೇ ಆಗಿದೆ.

ನಿಮ್ಮ ಮಗಳು


ಜುಲೈ 10

ಮಗಳೇ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲ ಎಂದುಕೊಳ್ಳಬೇಡ. ಮೂರು ಬರೆದೆ. ಎರಡು ಹರಿದದ್ದು ಬಿಡು. ಮೂರನೆಯದು ಏಳು ಪುಟ. ಅದರಲ್ಲಿ ನಾನೇ ಸರಿ ಎಂದು ಸಾಧಿಸುವುದಕ್ಕೆ ಅವತ್ತಿನ ಕುರ್ಚಿಗಳ ನಕ್ಷೆಯನ್ನೂ ಬರೆಯಲು ಕೂತೆ. ಬಾಗಿಲ ಪಕ್ಕ ಆರು, ಗೋಡೆಗೆ ಎಂಟು, ಕಿಟಕಿ ಕೆಳಗೆ ನಿನ್ನ ಅತ್ತೆ ಕೂತಿದ್ದ ಬೆತ್ತದ ಕುರ್ಚಿ. ನೆಟ್ಟಗಿನ ಗೆರೆ ಎಳೆದೇ ಹೊಟ್ಟೆ ಹೊರೆದವನು ನಾನು. ಒಂದು ಕೂದಲೆಳೆ ವಾಲಿದರೂ ಕಣ್ಣಿಗೆ ಚುಚ್ಚುತ್ತದೆ. ಬರೆಯುತ್ತಾ ಬರೆಯುತ್ತಾ ಒಂದೊಂದೇ ಕುರ್ಚಿ ನೆನಪಿಗೆ ತಂದುಕೊಂಡೆ.

ಅವು ನೆಟ್ಟಗೇ ಇದ್ದವು. ಮೊದಲ ಸಲವೇ ನೆಟ್ಟಗಿದ್ದವು.

ಅಷ್ಟು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಏನು ಮಾಡಬೇಕೋ ತಿಳಿಯಲಿಲ್ಲ. ಬೈಯುವುದು ಗೊತ್ತಿತ್ತು, ಬೈದೆ. ನೀನು ಹತ್ತಿರ ಇದ್ದೆ.

ಇದನ್ನು ಮೊದಲು ಪಾಠದ ಮಕ್ಕಳಿಗೆ ಹೇಳಿದೆ. ದೊಡ್ಡವರಿಗೆ ಹೇಳುವುದಕ್ಕಿಂತ ಸುಲಭ. ಎರಡು ಜಡೆಯವಳು ಕೈ ಎತ್ತಿದಳು. "ಇದನ್ನ ಅವ್ರಿಗೆ ಹೇಳಿದ್ರಾ ಸಾರ್?" ಇಲ್ಲ ಎಂದೆ. "ನಮ್ಗೆ ಹೇಳಿದ್ರೆ ಏನು ಬಂತು?" ಎಂದಳು. ಅವಳಿಗೆ ಮುಂದೆ ಒಳ್ಳೆಯ ಭವಿಷ್ಯವಿದೆ, ಸುತ್ತಲಿನವರಿಗೆ ಇಲ್ಲ.

ಕೈ ಹಾಕಿದ ಮೇಲೆ ಪೂರ್ತಿ ಮುಗಿಸೋಣ ಎಂದು ಆರ್ಗನ್ನಿನವನ ಮನೆಗೂ ಕ್ಷಮೆ ಕೇಳಲು ಹೋದೆ. ಅವನ ಹೆಂಡತಿ ಬಾಗಿಲು ತೆರೆದು, "ಅವ್ರು ಮನೇಲಿಲ್ಲ," ಎಂದರು. ಒಳಗಿನಿಂದ ಸಂಗೀತ ಕೇಳಿಸುತ್ತಿತ್ತು. ಅಷ್ಟು ನಿಧಾನವಾಗಿ ಲೋಕದಲ್ಲಿ ಬೇರೆ ಯಾರೂ ನುಡಿಸುವುದಿಲ್ಲ. "ಪರವಾಗಿಲ್ಲ, ಮುಗಿಯೋವರೆಗೂ ಕಾಯ್ತೀನಿ," ಎಂದು ಮೆಟ್ಟಿಲ ಮೇಲೆ ಕೂತೆ. ಒಂದೇ ಕೀರ್ತನೆಗೆ ನಲವತ್ತು ನಿಮಿಷ. ಕೊನೆಗೆ ಆತನೇ ಹೊರಗೆ ಬಂದು, "ಸ್ವಲ್ಪ ಎಳೀತೀನಿ, ನನಗೂ ಗೊತ್ತು," ಎಂದ. ಇಬ್ಬರೂ ಕಾಫಿ ಕುಡಿದೆವು. ಅದನ್ನೂ ನಿಧಾನವಾಗಿಯೇ ಕುಡಿಯುತ್ತಾನೆ.

ಆ ಹಲ್ಲುಗಳ ವಿಷಯ ನಾನು ಕೇಳುವುದಿಲ್ಲ. ಅದು ನಿನ್ನ ಕೆಲಸ, ನಿನ್ನ ವಿವೇಕ. ಕೇಳುವ ಹಕ್ಕನ್ನು ನಾನು ಕಳೆದುಕೊಂಡಿದ್ದೇನೆ.

ನಿನ್ನ ಅಪ್ಪ

ಬಿಟ್ಟುಹೋದ ಮಾತು: ಏನಾಯಿತು?


ಜುಲೈ 18

ಅಪ್ಪ,

ನಿಮ್ಮ ಕಾಗದವನ್ನು ಊಟದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತು ಓದಿದೆ. ಮತ್ತೆ ಕೆಲಸಕ್ಕೆ ಬಂದಾಗ ಮುಖದ ಗಾರೆಯ ಮೇಲೆ ಎರಡು ಗೆರೆ ಎದ್ದು ಕಾಣುತ್ತಿದ್ದವಂತೆ. ಗಾಳಿಗೆ ಕಣ್ಣಲ್ಲಿ ನೀರು ಬಂದಿದೆ ಎಂದುಕೊಂಡು ಮಾಲೀಕರು ಫ್ಯಾನು ಸ್ವಲ್ಪ ಕಮ್ಮಿ ಮಾಡಿಸಲೇ ಎಂದು ಕೇಳಿದರು.

ಕುರ್ಚಿಯ ಬಗ್ಗೆ ನಾನು ಇನ್ನೇನೂ ಬರೆಯುವುದಿಲ್ಲ. ನೀವು ಬರೆದದ್ದು ಸಾಕು.

ಹಲ್ಲಿನ ಕಥೆ ಹೇಳುತ್ತೇನೆ. ಆ ಇಪ್ಪತ್ತಮೂರು ಸೆಟ್ಟು ಹೊರಡುವ ಹಿಂದಿನ ದಿನ, ಗುರುವಾರ, ಒಬ್ಬ ಅಜ್ಜಿ ಮೂರು ಮಹಡಿ ಹತ್ತಿ ಬಂದರು. "ಮಗೂ, ನನ್ನ ಹಲ್ಲು ನಾಳೆ ಸಿಕ್ಕೇ ಸಿಗುತ್ತಲ್ಲಾ? ಸೋಮವಾರ ನನ್ನ ತಂಗಿ ಬರ್ತಾಳೆ. ಹನ್ನೆರಡು ವರ್ಷ ಆಯ್ತು ನೋಡಿ. ಬೊಚ್ಚು ಬಾಯಲ್ಲಿ ಜಗಳ ಆಡೋಕಾಗಲ್ಲ," ಎಂದರು. ಅವರು ಹೋದ ಮೇಲೆ ಪಟಾಕಿಯ ಹತ್ತಿರ ಹೋಗಿ, "ನನ್ನಿಂದ ಆಗಲ್ಲ. ಮಾಲೀಕರ ಮೇಲಿನ ಸಿಟ್ಟನ್ನ ಆ ಅಜ್ಜಿ ಯಾಕೆ ಅಗೀಬೇಕು?" ಎಂದೆ. ಆಗ ಅವಳ ಬೆಂಕಿ ನನ್ನ ಕಡೆ ತಿರುಗಿತು. ಮಾಲೀಕರ ಚಮಚ ಎಂದಳು, ಹೇಡಿ ಎಂದಳು, ಇನ್ನೂ ಏನೇನೋ. ಎರಡು ವರ್ಷ ಒಂದೇ ಡಬ್ಬಿಯಿಂದ ತಿಂದವಳು, ಎರಡು ನಿಮಿಷದಲ್ಲಿ ನನ್ನಲ್ಲಿ ಒಂದು ಒಳ್ಳೆಯ ಗುಣವನ್ನೂ ಉಳಿಸಲಿಲ್ಲ.

ಶುಕ್ರವಾರ ನಾನು ಅಂಚೆಗೆ ಹೋಗಿ ಬರುವಷ್ಟರಲ್ಲಿ ಅವಳು ಎರಡು ಸೆಟ್ಟಿನ ಲೇಬಲ್ ಕಿತ್ತು ಅದಲು ಬದಲು ಅಂಟಿಸಿದ್ದಳು. ನಾನು ಟ್ರೇ ಪರೀಕ್ಷಿಸುವ ಮೊದಲೇ ಆ ಎರಡು ಸೆಟ್ಟು ಹೊರಟುಹೋಗಿದ್ದವು. ಅಜ್ಜಿಯದು ಸರಿಯಾಗಿಯೇ ಉಳಿದಿತ್ತು. ಮಾಲೀಕರಿಗೆ ಎಲ್ಲ ಹೇಳಿದೆ, ಮೊದಲು ನಾನೂ ಒಪ್ಪಿದ್ದೆ ಎಂಬುದನ್ನೂ ಸೇರಿಸಿ. ಹೇಳಿ ಮುಗಿಸುವಷ್ಟರಲ್ಲಿ ಪಟಾಕಿ ಬಾಗಿಲು ಒದ್ದು ಹೋದಳು. ಆಮೇಲೆ ನಾನು ಮೆತ್ತಗೆ ಇನ್ನೊಂದು ಮಾತು ಸೇರಿಸಿದೆ. "ಆ ಒಡೆದ ಸೆಟ್ಟು ಬೀಳಿಸಿದ್ದು ನೀವು. ನಾನು ನೋಡಿದ್ದೆ." ಕಿರುಚಿದ್ದರೆ ಅವರೂ ಕಿರುಚುತ್ತಿದ್ದರು. ಮೆತ್ತಗೆ ಹೇಳಿದ್ದಕ್ಕೆ ಹಿಡಿದುಕೊಳ್ಳಲು ಅವರಿಗೆ ಏನೂ ಸಿಗಲಿಲ್ಲ. ಕಿವಿ ಕೆಂಪಾಯಿತು. ದಂತವೈದ್ಯರಿಗೆ ನಿಜ ಹೇಳಿದರು, ಪಟಾಕಿಗೂ ತಿರುಗಿ ಬಾ ಎಂದು ಹೇಳಿ ಕಳಿಸಿದರು. ಅವಳು ಕಳಿಸಿದ ಉತ್ತರವನ್ನು ಭಾನುವಾರದ ಶಾಲೆಯ ಮೇಷ್ಟರಿಗೆ ಬರೆಯಲಾಗುವುದಿಲ್ಲ.

ನನಗೆ ಶಿಕ್ಷೆ, ಮನೆ ಮನೆಗೆ ಹೋಗಿ ಹಲ್ಲು ಬದಲಿಸಿ ಕ್ಷಮೆ ಕೇಳುವುದು. ಒಂದು ಸೆಟ್ಟು ನಿವೃತ್ತ ಸಂಗೀತದ ಟೀಚರದು, ಇನ್ನೊಂದು ನಿವೃತ್ತ ನ್ಯಾಯಾಧೀಶರದು. ನ್ಯಾಯಾಧೀಶರು ಕನ್ನಡಿ ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಇದು ನನ್ನ ಹಲ್ಲಲ್ಲ ಕಣಮ್ಮ. ಇದು ನಗ್ತಾ ಇದೆ," ಎಂದರು. ಅಷ್ಟು ಹೇಳುವುದರೊಳಗೆ ಅದು ಎರಡು ಸಲ ಜಾರಿತು. ನಾನು ಡಬ್ಬಿ ತೆರೆಯುತ್ತಿದ್ದಾಗ ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು. "ನಲವತ್ತು ವರ್ಷದಲ್ಲಿ ಮೊದಲನೇ ಸಲ ಮನುಷ್ಯರ ಥರ ಕಾಣ್ತಿದಾರೆ. ಇನ್ನೆರಡು ದಿನ ಇರಲಿ ಬಿಡಮ್ಮ." ಬಿಡಲಾಗಲಿಲ್ಲ. ಸಂಗೀತದ ಟೀಚರಮ್ಮ ಅಲ್ಲಿ ಎರಡು ದಿನದಿಂದ ಗಂಜಿ ಕುಡಿದುಕೊಂಡಿದ್ದರು.

ಪಟಾಕಿ ತರಿಸಿದ ಫ್ಯಾನು ಇನ್ನೂ ತಿರುಗುತ್ತಿದೆ. ಅವಳು ಒದ್ದ ಬಾಗಿಲು ಇನ್ನೂ ಮುಚ್ಚುತ್ತಿಲ್ಲ. ಎರಡೂ ಅವಳದೇ. ಅವಳಿಲ್ಲದೆ ಮಧ್ಯಾಹ್ನ ಬೇಸರ, ಆದರೆ ಬೆಳಗ್ಗೆ ಎದ್ದ ಕೂಡಲೇ ಯಾರ ಮೇಲೆ ಕಿರುಚಲಿ ಎಂದು ಹುಡುಕುವುದು ಈಗ ನಿಂತಿದೆ. ನಿಮ್ಮ ವಾಕ್ಯ ಸರಿ. ಒಪ್ಪಲು ಸಂಕಟವಾಗುತ್ತದೆ.

ಆಗಸ್ಟಿನಲ್ಲಿ ಬನ್ನಿ. ನನ್ನ ಮನೆಯಲ್ಲಿರುವುದು ಎರಡೇ ಕುರ್ಚಿ. ಸಾಲಿನ ಪ್ರಶ್ನೆಯೇ ಇಲ್ಲ.

ನಿಮ್ಮ ಮಗಳು


ಆಗಸ್ಟ್ 29

ಪ್ರೀತಿಯ ಅತ್ತೆಗೆ,

ನಿಮ್ಮ ಅಣ್ಣ ಬಂದು ಹೋದರು. ಅವರು ತಮ್ಮ ಕಡೆಯ ಕಥೆ ಹೇಳುವ ಮೊದಲು ನನ್ನದು ಬರೆದುಬಿಡುತ್ತೇನೆ.

ಶುಕ್ರವಾರ ಬಂದರು. ಇಬ್ಬರೂ ಒಬ್ಬರಿಗೊಬ್ಬರು ಎಷ್ಟು ಮರ್ಯಾದೆ ಕೊಟ್ಟೆವೆಂದರೆ ಉಸಿರು ಕಟ್ಟಿತು. "ಸ್ವಲ್ಪ ನೀರು ಸಿಗಬಹುದಾ?" ಎಂದು ಅಪ್ಪ ಕೇಳಿದರು. ಜೀವಮಾನದಲ್ಲಿ ಅವರ ಬಾಯಿಂದ ಅಂಥ ವಾಕ್ಯ ನಾನು ಕೇಳಿರಲಿಲ್ಲ.

ಶನಿವಾರ ನಾನು ಅರ್ಧ ದಿನದ ಕೆಲಸ ಮುಗಿಸಿ ಬಂದರೆ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದಾರೆ. ಡಬ್ಬಿಗಳ ಮೇಲೆ ಬಣ್ಣದಲ್ಲಿ ಅಂದವಾಗಿ ಹೆಸರು ಬರೆದಿದ್ದಾರೆ. ಉಪ್ಪಿನ ಡಬ್ಬಿ ನಾನು ಇಟ್ಟ ಜಾಗದಲ್ಲಿಲ್ಲ. ಅತ್ತೆ, ನನಗೆ ಏನಾಯಿತೋ ಗೊತ್ತಿಲ್ಲ. "ನನ್ನ ಮನೇಲಿ ನನ್ನ ಪಾತ್ರೆ ಸೊಟ್ಟಗೇ ಇರುತ್ತೆ," ಎಂದು ಕಿರುಚಿದೆ. ಒಳ್ಳೆಯದು ಮಾಡಿದರೆ ಹೀಗಾ ಎಂದು ಅವರು ಕಿರುಚಿದರು. ಕೆಳಗಿನ ಮನೆಯವರು ಕೋಲಿನಿಂದ ಛಾವಣಿ ಕುಟ್ಟಿದರು. ಇಬ್ಬರೂ ಸೇರಿ ಅವರಿಗೂ ಕಿರುಚಿದೆವು. ಕೊನೆಗೆ ಅಪ್ಪ ಕೊಡೆ ತೆಗೆದುಕೊಂಡು, "ಮುಂದಿನ ಬಸ್ಸಿಗೇ ಹೋಗ್ತೀನಿ," ಎಂದು ಮೆಟ್ಟಿಲಿಳಿದರು. ಚೀಲ ಇಲ್ಲೇ ಬಿಟ್ಟಿದ್ದರು.

ನಾನು ಮೂರು ಗಂಟೆ ಹೊತ್ತು ಆ ಡಬ್ಬಿಗಳನ್ನೇ ನೋಡುತ್ತಾ ಕೂತಿದ್ದೆ. ಅವರನ್ನು ಕರೆಸಿದ್ದೇ ತಪ್ಪಾಯಿತು ಅನ್ನಿಸಿತು. ಇನ್ನೊಂದು ಏಳು ವರ್ಷ ದೂರವೇ ಅನ್ನಿಸಿತು. ಅವರಿಗೆ ಅಷ್ಟು ವರ್ಷ ಇದೆಯೋ ಇಲ್ಲವೋ ಎಂದೂ ಅನ್ನಿಸಿತು.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಅಪ್ಪ. ಓಡಿಕೊಂಡು ಬಂದವರಂತೆ ಏದುಸಿರು, ಕಣ್ಣು ಕೈಗಡಿಯಾರದ ಮೇಲೆ.

"ಸಿಟ್ಟು ಇಟ್ಕೊಂಡು ಸೂರ್ಯನ್ನ ಮುಳುಗೋಕೆ ಬಿಡಬಾರ್ದು ಅಂತ ವಾಕ್ಯ ಇದೆ. ಕೊನೇ ಪಾಠ ಅದೇ ಮಾಡಿದ್ದು," ಎಂದರು. "ಪೇಪರ್ ಮಾರೋನ ಹತ್ರ ಕೇಳ್ದೆ, ಮುಳುಗೋಕೆ ಇನ್ನೂ ಇಪ್ಪತ್ತು ನಿಮಿಷ ಇದೆಯಂತೆ. ಅಷ್ಟರೊಳಗೆ ಮುಗಿಸ್ಬೇಕು. ನೀನು ಮೊದಲಾ, ನಾನು ಮೊದಲಾ?"

"ನಾನು," ಎಂದೆ.

ಎರಡು ಕುರ್ಚಿ ಕಿಟಕಿಯ ಹತ್ತಿರ ಎಳೆದುಕೊಂಡೆವು. ನನ್ನ ಸರದಿಯಲ್ಲಿ ಅವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕೂತರು. ಎರಡು ಸಲ ಬಿಕ್ಕಳಿಸಿದರು. ನಾನು ಪಾತ್ರೆಯಿಂದ ಶುರು ಮಾಡಿ ಎಲ್ಲೆಲ್ಲಿಗೋ ಹೋದೆ. ನಾನು ಮುಗಿಸಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಎದುರಿನ ನೀರಿನ ಟ್ಯಾಂಕಿನ ಹಿಂದೆ ಸೂರ್ಯ ಪೂರ್ತಿ ಇಳಿದಿದ್ದ.

"ನಿಮ್ಮ ಸರದಿ ಬರೋ ಮೊದಲೇ ಮುಳುಗಿಹೋಯ್ತಲ್ಲಪ್ಪ," ಎಂದೆ.

ಅಪ್ಪ ಎದ್ದು ಕಿಟಕಿಯಿಂದ ಕತ್ತು ಹೊರಗೆ ಚಾಚಿ ನೋಡಿದರು. ಆಮೇಲೆ ಬಂದು ಕೂತರು.

"ಇಲ್ಲ, ಇನ್ನೂ ಒಂಚೂರು ಕೆಂಪಿದೆ. ಆದ್ರೆ ನನ್ನ ಹತ್ರ ಹೇಳೋಕೆ ಏನೂ ಇಲ್ಲ," ಎಂದರು. "ಉಪ್ಪು ಎಲ್ಲಿಡ್ಲಿ ಹೇಳು."

ನಿಮ್ಮ ಮುದ್ದಿನ ಸೋದರಸೊಸೆ